ಬೆನ್ನಿನ ಗುಂಡುಸೂಜಿ

ಆಮರ್ಸ್‌ಫೋರ್ಟ್ ರೈಲು ನಿಲ್ದಾಣದಲ್ಲಿ ಹಿಲ್ಲೆಚೆಯೂ ಮೆಂಗ್ಸಿಯೂ ವೈಂಪಿಯಳನ್ನು ದಾಟಿಕೊಂಡೇ ಮುಂದೆ ಹೋದರು. ಅವರಿಗೆ ಗುರುತು ಸಿಗಲಿಲ್ಲ. ಆಕೆ ಕಾಫಿ ಅಂಗಡಿಯ ಮುಂದೆ ಮಗಳ ನೀಲಿ ಮಳೆಕೋಟು ತೊಟ್ಟು, ಮಗಳದೇ ಪ್ಯಾಂಟು ಹಾಕಿಕೊಂಡು, ಬರಿತಲೆಯಲ್ಲಿ ನಿಂತಿದ್ದಳು. ಒಂದೇ ಬೀದಿಯಲ್ಲಿ ಹುಟ್ಟಿ, ಮೀನಿಗೆ ಹೊಗೆ ಕೊಡುವ ಒಂದೇ ಹೊಗೆಮನೆಯಲ್ಲಿ ಹಾವುಮೀನು ಸುಲಿದು, ಒಂದೇ ಬೀದಿಯಲ್ಲಿ ಮುದುಕಿಯರಾದ ಮೂವರು ಅವರು. ಆದರೂ ಆಕೆ ಅವರ ಬೆನ್ನಿಗೆ ಕೂಗಬೇಕಾಯಿತು.

ಹಿಲ್ಲೆಚೆ ತಿರುಗಿ ನೋಡಿ ಪೆಟ್ಟಿಗೆ ಕೆಳಗಿಟ್ಟಳು.

"ದೇವರೇ! ಯಾವಳೋ ಶಾಲೆಯ ಟೀಚರು ನನ್ನ ಹೆಸರು ಹಿಡಿದು ಕೂಗ್ತಿದ್ದಾಳೆ ಅಂದುಕೊಂಡೆ. ಏನೇ ಇದು? ಅರ್ಧ ಮೈ ಎಲ್ಲಿ ಬಿಟ್ಟು ಬಂದೆ?"

"ಮಳೆ ಕಣೇ. ಎರಡು ದಿನವೂ ಮಳೆಯಂತೆ. ಕ್ರಾಪ್ಲಾಪ್ ಹಾಳಾಗುತ್ತೆ ಅಂತ ಎಲ್ಸ್ಕೆ..."

"ಮಳೆ ನಮ್ಮ ಮೇಲೂ ಬೀಳುತ್ತೆ ತಾಯಿ. ನೋಡು, ಅಂಗಡಿಯ ಚೀಸಿನ ಹಾಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಂದಿದ್ದೀವಿ."

ಮೆಂಗ್ಸಿ ವೈಂಪಿಯಳ ಕೂದಲನ್ನು ನೋಡಿದಳು, ಆಮೇಲೆ ಬೇರೆ ಕಡೆ ನೋಡಿದಳು. ಯಾರದೋ ಸ್ನಾನದ ಮನೆಯ ಬಾಗಿಲು ತಿಳಿಯದೆ ತೆರೆದವಳ ಹಾಗೆ.

ನಮ್ಮೂರು ಸ್ಪಾಕೆನ್‌ಬರ್ಗಿನಲ್ಲಿ ಹಳೆಯ ಉಡುಗೆ ಉಡುವ ಹೆಂಗಸರು ಈಗ ಕೆಲವರೇ ಉಳಿದಿದ್ದಾರೆ. ಕಪ್ಪು ಲಂಗ, ನೆತ್ತಿಯ ಹಿಂದೆ ಅಂಗೈಯಷ್ಟು ಬಿಳಿ ಟೋಪಿ, ಇವೆಲ್ಲದರ ಮೇಲೆ ಕ್ರಾಪ್ಲಾಪ್. ಅದು ಹೂವಿನ ಬಟ್ಟೆ. ಗಂಜಿ ಹಾಕಿ, ಮತ್ತೆ ಗಂಜಿ ಹಾಕಿ, ಹಲಗೆಯಂತೆ ಗಟ್ಟಿಯಾಗಿಸಿ, ಎದೆ ಬೆನ್ನು ಮುಚ್ಚಿ ಎರಡೂ ಹೆಗಲ ಮೇಲೆ ರೆಕ್ಕೆಯಂತೆ ನಿಲ್ಲುವ ಹಾಗೆ ಕೂರಿಸುತ್ತಾರೆ. ಒದ್ದೆಯಾದರೆ ಅದರ ಕತೆ ಮುಗಿಯಿತು. ಅದರ ಬಣ್ಣ ನೋಡಿದವರಿಗೆ ಆ ಮನೆಯಲ್ಲಿ ಸಾವಾಗಿದೆಯೇ, ಸತ್ತವರು ಎಷ್ಟು ಹತ್ತಿರದವರು, ಎಲ್ಲ ತಿಳಿಯುತ್ತದೆ. ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಇನ್ನೊಂದು ಮಾತು: ಒಮ್ಮೆ ಈ ಉಡುಗೆ ಬಿಟ್ಟವಳು ಮತ್ತೆ ಉಡುವುದಿಲ್ಲ. ಹಾಗೆಂದು ಯಾರೂ ಕಾನೂನು ಮಾಡಿಲ್ಲ. ಬಿಟ್ಟವಳು ಬಿಟ್ಟಳು, ಅಷ್ಟೆ.

ವೈಂಪಿಯಳ ಗಂಡ ಹರ್ಮನ್ ಹೋದ ವರ್ಷ ಇದೇ ಎಲೆ ಉದುರುವ ಕಾಲದಲ್ಲಿ ತೀರಿಕೊಂಡ. ಅವನ ಹಾಸಿಗೆಯ ಪಕ್ಕದಲ್ಲಿ ಮಂಡಿಯೂರಿ ಆಕೆ ದೇವರೆದುರು ಹೇಳಿದ್ದಳು: "ನಿನಗಾಗಿ ಉಡುವ ಕಪ್ಪು-ನೇರಳೆಯನ್ನು ನಾನು ಬಿಚ್ಚುವುದಿಲ್ಲ. ಅದರಲ್ಲೇ ನನ್ನನ್ನೂ ಮಣ್ಣಿಗಿಡಲಿ." ಆ ಮಾತು ಕೇಳಿದ ಇಬ್ಬರು ಈಗ ಪ್ಲಾಸ್ಟಿಕ್ ಹೊದ್ದು ಅವಳ ಮುಂದೆ ನಿಂತಿದ್ದರು.

ಕ್ರಾಪ್ಲಾಪಿನ ಹಿಂಬದಿಯ ಗುಂಡುಸೂಜಿಯನ್ನು ಯಾವ ಹೆಂಗಸೂ ತಾನೇ ಚುಚ್ಚಿಕೊಳ್ಳಲಾರಳು. ಕೈ ಎಟಕುವುದಿಲ್ಲ. ಗಂಡ ಚುಚ್ಚುತ್ತಾನೆ, ಇಲ್ಲವೇ ಮಗಳು, ಇಲ್ಲವೇ ನೆರೆಯವಳು. ಮದುವೆಯಾದಂದಿನಿಂದ ವೈಂಪಿಯಳ ಬೆನ್ನಿಗೆ ಹರ್ಮನ್ ಮೀನುವಾಸನೆಯ ಬೆರಳುಗಳಲ್ಲಿ ಸೂಜಿ ಚುಚ್ಚುತ್ತಿದ್ದ, ಪ್ರತಿದಿನವೂ ಓರೆಯಾಗಿ. "ಹರ್ಮನ್ ಹೆಂಡತಿಗೆ ಸೂಜಿ ಹಾಕೋದಿಲ್ಲ, ಲಂಗರು ಹಾಕ್ತಾನೆ" ಎಂದು ಹಿಲ್ಲೆಚೆ ಚರ್ಚಿನಲ್ಲಿ ಹಿಂದಿನ ಸಾಲಿನಿಂದ ಪಿಸುಗುಡುತ್ತಿದ್ದಳು. ಅವನು ಹೋದ ಮೇಲೆ ಬೆಳಗಾದರೆ ಮೆಂಗ್ಸಿ ಹಿತ್ತಲ ದಾರಿಯಲ್ಲಿ ಬರುತ್ತಾಳೆ, ಸೂಜಿ ಚುಚ್ಚುತ್ತಾಳೆ, ಒಂದು ಲೋಟ ಕಾಫಿ ಕುಡಿದು ಹೋಗುತ್ತಾಳೆ.

ಮೂವರೂ ವರ್ಷಕ್ಕೊಮ್ಮೆ ಯಾವುದಾದರೊಂದು ಊರಿಗೆ ಹೋಗುತ್ತಾರೆ. ಶನಿವಾರ ಹೋಗುವುದು, ಭಾನುವಾರ ಅಲ್ಲಿಯೇ ನಮ್ಮ ಪಂಥದ ಚರ್ಚು ಹುಡುಕಿ ಆರಾಧನೆಗೆ ಹೋಗುವುದು, ಸೋಮವಾರ ಹಿಂದಿರುಗುವುದು. ಭಾನುವಾರ ಪ್ರಯಾಣವಿಲ್ಲ. ಹೋದ ವರ್ಷ ಹರ್ಮನ್‌ನ ಕಾಯಿಲೆಯಿಂದ ತಪ್ಪಿತ್ತು. ಈ ಸಲ ಡೆಲ್ಫ್ಟ್. ಮುಂಚಿನ ದಿನ ವೈಂಪಿಯ ತನ್ನ ಮಗಳು ಎಲ್ಸ್ಕೆಯ ಮನೆಯಲ್ಲಿ ಉಳಿದಿದ್ದಳು. ಬೆಳಿಗ್ಗೆ ಕಿಟಕಿಯಾಚೆ ಮಳೆ ನೋಡಿ ಎಲ್ಸ್ಕೆ ಅಂದಳು: "ಅಮ್ಮಾ, ಎರಡು ದಿನ ತಾನೇ? ಅಲ್ಲಿ ನಿನ್ನನ್ನ ಯಾರು ನೋಡ್ತಾರೆ?"

ಯಾರು ನೋಡುತ್ತಾರೆ ಎಂಬ ಆ ಮಾತು ವೈಂಪಿಯಳ ಎದೆಯಲ್ಲಿ ಸಿಹಿಯಾಗಿ ಇಳಿಯಿತು. ಹಾಗೆ ಇಳಿದದ್ದನ್ನು ಅವಳು ಗಮನಿಸಿದಳು, ಗಮನಿಸಿಯೂ ಸುಮ್ಮನಾದಳು. ಲಂಗ, ಟೋಪಿ, ಕ್ರಾಪ್ಲಾಪ್ ಎಲ್ಲವನ್ನೂ ಮಗಳ ಮಂಚದ ಮೇಲಿಟ್ಟು ಬಂದಳು.

ಡೆಲ್ಫ್ಟಿನಲ್ಲಿ ಮಳೆ ನಿಲ್ಲಲಿಲ್ಲ. ಕಾಲುವೆಗಳ ನೀರು ದಡದ ಕಲ್ಲಿಗೆ ಸಮನಾಗಿ ಬಂದಿತ್ತು. ಹಸಿರು ಪಾಚಿ ಸೇತುವೆಗಳ ಕಮಾನಿನ ಕೆಳಗೆ ಸೇರಿಕೊಂಡಿತ್ತು. ಹಳೆ ಚರ್ಚಿನ ವಾಲಿದ ಗೋಪುರ ಮೋಡದೊಳಗೆ ಅರ್ಧ ಕಾಣುತ್ತಿರಲಿಲ್ಲ. ಶನಿವಾರದ ಸಂತೆಯವರು ತಾಡಪಾಲಿನಲ್ಲಿ ನಿಂತ ನೀರನ್ನು ಕೋಲಿನಿಂದ ತಳ್ಳಿ ದಾರಿಹೋಕರ ಮೇಲೆ ಸುರಿಸುತ್ತಿದ್ದರು.

ಹಿಲ್ಲೆಚೆಯನ್ನೂ ಮೆಂಗ್ಸಿಯನ್ನೂ ಜನ ನಿಂತು ನೋಡಿದರು. ಸೈಕಲ್ಲಿನಲ್ಲಿ ಹೋಗುತ್ತಿದ್ದವರು ಕತ್ತು ತಿರುಗಿಸಿದರು. ಫೋನು ಎತ್ತಿ ಹಿಡಿದರು. ಅವರಿಬ್ಬರಿಗೂ ಅದು ಹೊಸತಲ್ಲ. ಹಿಲ್ಲೆಚೆಯಂತೂ "ಎಡಗಡೆಯಿಂದ ತೆಗಿ ಮಗಾ, ಬಲಗಡೆ ಹಲ್ಲಿಲ್ಲ" ಎಂದು ನಗಿಸುತ್ತಿದ್ದಳು.

ವೈಂಪಿಯಳನ್ನು ಯಾರೂ ನೋಡಲಿಲ್ಲ.

ಊರಿನಲ್ಲಿ ಈ ಒಂದು ವರ್ಷ ಅವಳು ಬ್ರೆಡ್ಡಿಗೆ ಹೋದರೂ ಜನ ತಲೆ ಓರೆ ಮಾಡಿ, ದನಿ ಇಳಿಸಿ, "ಹೇಗಿದ್ದೀಯಮ್ಮಾ" ಎನ್ನುತ್ತಿದ್ದರು. ಆ ಕಪ್ಪು-ನೇರಳೆ ಅವಳಿಗಿಂತ ಮುಂಚೆ ಅಂಗಡಿಯೊಳಗೆ ಕಾಲಿಡುತ್ತಿತ್ತು. ಇಲ್ಲಿ ಬ್ರೆಡ್ಡಿನಂಗಡಿಯ ಹುಡುಗಿ ಮುಖವನ್ನೂ ನೋಡದೆ "ಮುಂದಿನವರು!" ಎಂದು ಕೂಗಿದಳು. ಮುಂದಿನವಳು ತಾನೇ. ಬರೀ ಮುಂದಿನವಳು. ವೈಂಪಿಯ ಒಂದು ಒಣದ್ರಾಕ್ಷಿ ಬನ್ನು ಕೇಳಿ ತೆಗೆದುಕೊಂಡು, ಬೀದಿಯಲ್ಲೇ ಚಿಕ್ಕ ಹುಡುಗಿಯಂತೆ ತಿನ್ನುತ್ತಾ ಗೆಳತಿಯರಿಗಿಂತ ನಾಲ್ಕು ಹೆಜ್ಜೆ ಹಿಂದೆ ನಡೆದಳು. ಅದು ಆರು ಹೆಜ್ಜೆಯಾಯಿತು, ಹತ್ತಾಯಿತು. ಕಾಲು ಹಗುರವಾಗಿತ್ತು. ಕೂದಲಿಗೆ ಮಳೆಹನಿ ಬೀಳುವುದು ಹಾಯೆನಿಸಿತು.

ಹಳೆ ಚರ್ಚಿನ ಬಳಿ ಒಂದು ಸೇತುವೆ. ಹಿಲ್ಲೆಚೆ ಮೆಂಗ್ಸಿ ಅದರ ಮೇಲೆ ದಣಿವಾರಿಸಿಕೊಳ್ಳಲು ನಿಂತಿದ್ದರು. ಬೆಲ್ಜಿಯಂ ಕಡೆಯ ಮಾತಿನ ಒಬ್ಬ ಗಂಡಸು, ಜೊತೆಗೆ ಅವನ ಹೆಂಡತಿ, ವೈಂಪಿಯಳ ಮುಂದೆ ಬಂದು ಫೋನು ಚಾಚಿದರು.

"ಅಮ್ಮಾ, ಒಂದು ಉಪಕಾರ. ಆ ಇಬ್ಬರು ಅಜ್ಜಿಯರ ಜೊತೆ ನಮ್ಮದೊಂದು ಫೋಟೋ ತೆಗೀತೀರಾ?"

ಆಕೆ ಫೋನು ತೆಗೆದುಕೊಂಡಳು. ಆಗಲೇ ಹೇಳಬಹುದಾಗಿತ್ತು.

"ಇವರು ನಾಟಕದವರಾ? ಇಲ್ಲ, ಊರಿನವರು ಪ್ರವಾಸಿಗಳಿಗೆ ಅಂತ ನಿಲ್ಲಿಸಿದ್ದಾ?" ಎಂದ ಗಂಡಸು.

"ನನಗೆ ಗೊತ್ತಿಲ್ಲ."

"ನೀವು ಈ ಊರಿನವರಲ್ವಾ?"

"ಹೌದು," ಎಂದಳು ವೈಂಪಿಯ. "ಆದರೆ ಇವರನ್ನ ನಾನು ಕಂಡಿಲ್ಲ."

ಅವನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು, "ಪಾಪ, ಹೆಗಲಿಗೆ ಇಸ್ತ್ರಿ ಹಲಗೆ ಕಟ್ಟಿಕೊಂಡ ಹಾಗಿದೆ ನೋಡಿ!" ಎಂದಳು.

ವೈಂಪಿಯ ನಕ್ಕಳು.

ಆ ನಗೆ ಅವಳ ಗಂಟಲಿನಿಂದ ತಾನಾಗಿ ಬಂತು, ಯಾರದೋ ನಗೆ ಬಂದಂತೆ. ಅವರಿಬ್ಬರೂ ಓಡಿಹೋಗಿ ಗೆಳತಿಯರ ಎಡಬಲಕ್ಕೆ ನಿಂತರು. ವೈಂಪಿಯ ಫೋನು ಎತ್ತಿದಳು. ಗಾಜಿನೊಳಗೆ ನಾಲ್ಕು ಮುಖಗಳು ಚಿಕ್ಕದಾಗಿ ಕಂಡವು. ಹಿಲ್ಲೆಚೆಯ ಬಾಯಿ ಫೋಟೋಗೆಂದು ನಗುತ್ತಿತ್ತು. ಅವಳ ಕಣ್ಣು ಮಾತ್ರ ಫೋನನ್ನು ದಾಟಿ, ಫೋನು ಹಿಡಿದವಳನ್ನು ನೋಡುತ್ತಿತ್ತು. ಮೆಂಗ್ಸಿ ತಲೆ ತಗ್ಗಿಸಿಕೊಂಡು ಪ್ಲಾಸ್ಟಿಕ್ಕಿನ ಅಂಚನ್ನು ಸರಿಪಡಿಸುತ್ತಿದ್ದಳು. ಸೇತುವೆ ಚಿಕ್ಕದು. ನಡುವೆ ಮಳೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ವೈಂಪಿಯ ಗುಂಡಿ ಒತ್ತಿದಳು. ಅದೇ ಹೊತ್ತಿಗೆ ವಾಲಿದ ಗೋಪುರದ ಗಂಟೆ ಹೊಡೆಯತೊಡಗಿತು. ಗುರುವನ್ನು ಸೆರೆಹಿಡಿದ ರಾತ್ರಿ ಪ್ರಧಾನ ಯಾಜಕನ ಅಂಗಳದಲ್ಲಿ ಚಳಿ ಕಾಯಿಸುತ್ತಾ "ಆ ಮನುಷ್ಯನನ್ನು ನಾನರಿಯೆ" ಎಂದ ಶಿಷ್ಯನ ಕತೆ ಅವಳಿಗೆ ನೆನಪಾಯಿತು. ಬಾಲ್ಯದಲ್ಲಿ ಆ ಕತೆ ಕೇಳಿದಾಗಲೆಲ್ಲ, ಎಂಥ ದುರ್ಬಲನಪ್ಪಾ ಇವನು ಎಂದು ಕನಿಕರಪಟ್ಟಿದ್ದಳು. ಅವನಿಗಾದರೂ ಎದುರಿಗೆ ಸೈನಿಕರಿದ್ದರು, ಪ್ರಾಣಭಯವಿತ್ತು. ತನ್ನ ಎದುರಿಗಿದ್ದವರು ಮಳೆಯಲ್ಲಿ ಫೋಟೋ ಬೇಡಿದ ಇಬ್ಬರು ಪ್ರವಾಸಿಗರು.

ಬೆಲ್ಜಿಯಂನವರು ವಂದಿಸಿ ಹೊರಟುಹೋದರು. ವೈಂಪಿಯ ಗೆಳತಿಯರ ಹತ್ತಿರ ಬಂದಳು.

"ಕಾಫಿ ಕುಡಿಯೋಣ," ಎಂದಳು ಮೆಂಗ್ಸಿ.

ಕಾಫಿಮನೆಯಲ್ಲಿ ಹಿಲ್ಲೆಚೆ ತಿಂಡಿಪಟ್ಟಿಯ ಹಲಗೆಯನ್ನು ಓದಿ ವೈಂಪಿಯಳ ಕಡೆ ತಿರುಗಿದಳು. "ನೀವೇನು ತಗೊಳ್ತೀರಿ?"

ಜೀವಮಾನದಲ್ಲಿ ಹಿಲ್ಲೆಚೆ ಅವಳನ್ನು ನೀವು ಎಂದಿರಲಿಲ್ಲ. ಸಿಟ್ಟಿನಿಂದಲೂ ಅನ್ನಲಿಲ್ಲ, ಕುಹಕದಿಂದಲೂ ಅಲ್ಲ. ಪರಿಚಯವಿಲ್ಲದ ಹೆಂಗಸಿಗೆ ಮಾತಾಡುವ ಹಾಗೆ ನಯವಾಗಿ ಕೇಳಿದಳು. ಆಪಲ್ ಕೇಕ್ ಬಂತು. ಸಕ್ಕರೆಯ ಬಟ್ಟಲನ್ನು ಇತ್ತ ಸರಿಸಿ, "ಬೇಕಾ?" ಎಂದಳು. ಬೈದಿದ್ದರೆ, ಮೇಜಿನ ಮೇಲೆ ಚಮಚ ಕುಕ್ಕಿದ್ದರೆ ವೈಂಪಿಯ ಅಳಬಹುದಿತ್ತು. ನಯದ ಮಾತಿಗೆ ಅಳುವುದು ಹೇಗೆ? ಕೇಕು ಬಾಯಿಯಲ್ಲಿ ಮಣ್ಣಿನ ಹಾಗೆ ತಿರುಗಿತು.

ತಂಗುವ ಮನೆಯ ಕೋಣೆ ಕಾಲುವೆಗೆ ಮುಖ ಮಾಡಿತ್ತು, ಮೂರು ಹಾಸಿಗೆ. ಸಂಜೆ ಬಟಾಣಿ ಸಾರು ಕುಡಿದು ಮೇಲೆ ಬಂದರು. ಇಂಥ ಪ್ರಯಾಣಗಳಲ್ಲಿ ಸೂಜಿಯ ಕೆಲಸ ಒಂದು ಸುತ್ತು ತಿರುಗುತ್ತದೆ. ಮೆಂಗ್ಸಿ ವೈಂಪಿಯಳ ಬೆನ್ನು ನೋಡಿಕೊಳ್ಳುತ್ತಾಳೆ, ವೈಂಪಿಯ ಹಿಲ್ಲೆಚೆಯದು, ಹಿಲ್ಲೆಚೆ ಮೆಂಗ್ಸಿಯದು. ಈ ಸುತ್ತನ್ನು ಹುಡುಗಿಯರಾಗಿದ್ದಾಗ ಮಾಡಿಕೊಂಡದ್ದು. ಹಿಲ್ಲೆಚೆ ಪ್ಲಾಸ್ಟಿಕ್ ಬಿಚ್ಚಿ ಒಣಗಲು ಹಾಕಿದಳು. ವೈಂಪಿಯ ಎದ್ದು ಹತ್ತಿರ ಹೋದಳು. ಅಷ್ಟರಲ್ಲಿ ಹಿಲ್ಲೆಚೆ ಮೆಂಗ್ಸಿಗೆ ಬೆನ್ನು ತೋರಿಸಿ ನಿಂತಾಗಿತ್ತು.

"ಇವರಿಗೆ ತೊಂದರೆ ಯಾಕೆ," ಎಂದಳು.

ಮೆಂಗ್ಸಿ ಸೂಜಿ ತೆಗೆದಳು. ವೈಂಪಿಯ ಚಾಚಿದ ಕೈಯನ್ನು ಮಳೆಕೋಟಿನ ಜೇಬಿಗಿಳಿಸಿಕೊಂಡಳು.

ಮಲಗುವ ಮುಂಚೆ ಪ್ರಾರ್ಥನೆ. ಅಂದು ಹಿಲ್ಲೆಚೆಯ ಸರದಿ. ಕಾಯಿಲೆಯವರಿಗಾಗಿ, ಕೆರೆಯ ಮೇಲೆ ದೋಣಿಯಲ್ಲಿರುವವರಿಗಾಗಿ, ಎಲ್ಲರಿಗಾಗಿ ಬೇಡಿದಳು. "ಹರ್ಮನ್‌ನ ಹೆಂಡತಿಯನ್ನು ನೆನೆದುಕೋ ಕರ್ತನೇ" ಎಂದಳು, ಈ ವರ್ಷವೆಲ್ಲ ಅಂದ ಹಾಗೆಯೇ. ಅದೇ ಮಾತು, ಅದೇ ದನಿ. ವೈಂಪಿಯಳಿಗೆ ಆಮೆನ್ ಎನ್ನಲು ನಾಲಿಗೆ ಏಳಲಿಲ್ಲ. ದೀಪ ಆರಿದ ಮೇಲೆ ತಾನೂ ಗಂಡನ ಹೆಸರು ಹಿಡಿದು ದೇವರಿಗೆ ಒಂದು ಮಾತು ಹೇಳಬೇಕೆಂದು ಯತ್ನಿಸಿದಳು. ಹೆಸರು ಬಂತು, ಮುಂದಿನದು ಬರಲಿಲ್ಲ. ಯಾವ ಬಟ್ಟೆಯಲ್ಲಿ ನಿಂತು ಕೇಳುವುದು?

ಭಾನುವಾರ ಬೆಳಿಗ್ಗೆಯೂ ಮಳೆ. ಮೂವರೂ ಮುಖ ತೊಳೆದರು. ವೈಂಪಿಯ ಮಗಳು ಕಟ್ಟಿಕೊಟ್ಟ ಚೀಲವನ್ನು ತಳದವರೆಗೆ ಹುಡುಕಿದಳು. ಇನ್ನೊಂದು ಪ್ಯಾಂಟು ಇತ್ತು. ಆರಾಧನೆಗೆ ಹೆಂಗಸರು ಉಡಲೇಬೇಕಾದ ಲಂಗವಿರಲಿಲ್ಲ, ತಲೆಗೆ ಹಾಕುವಂಥದ್ದು ಏನೂ ಇರಲಿಲ್ಲ. ಎಲ್ಸ್ಕೆಗೆ ಭಾನುವಾರ ಎಂಬುದು ನೆನಪಿರಲಿಲ್ಲ. ತಾಯಿಗೇ ನೆನಪಿರಲಿಲ್ಲ ಎಂದ ಮೇಲೆ ಮಗಳನ್ನು ಅನ್ನುವುದೇನು?

"ನೀವು ಬೇಕಾದರೆ ಇಲ್ಲೇ ಇರಿ," ಎಂದಳು ಹಿಲ್ಲೆಚೆ. "ಚರ್ಚು ದೂರ. ಮಳೆ ಬೇರೆ."

ವೈಂಪಿಯ ಹಾಸಿಗೆಯ ಅಂಚಿನಿಂದ ಎದ್ದು ನಿಂತಳು.

"ಹಿಲ್ಲೆಚೆ, ನಿನ್ನೆ ಸೇತುವೆ ಮೇಲೆ..."

"ಕೇಳಿಸ್ತು. ಟೋಪಿ ಇರೋದು ತಲೆಗೆ, ಕಿವಿಗಲ್ಲ."

"ನಿಮ್ಮನ್ನ ಕಂಡಿಲ್ಲ ಅಂದೆ."

"ಅದು ಹಾಳಾಗಲಿ. ಯಾಕೆ ನಕ್ಕೆ?"

ವೈಂಪಿಯ ಕಿಟಕಿಯ ಕಡೆ ತಿರುಗಿದಳು. ಕೆಳಗೆ ಕಾಲುವೆಯಲ್ಲಿ ಬಾತುಕೋಳಿಗಳು ಜಗಳವಾಡುತ್ತಿದ್ದವು.

"ಮಳೆಗೆ ಹೆದರಿ ಬಿಚ್ಚಿಡಲಿಲ್ಲ," ಎಂದಳು ಕೊನೆಗೆ. "ಎಲ್ಸ್ಕೆ ಮೇಲೆ ಹಾಕಿದ್ದು ಸುಳ್ಳು. ನನಗೇ ಬೇಕಾಗಿತ್ತು. ಎರಡು ದಿನ ಯಾರೂ ನನ್ನ ನೋಡಿ ತಲೆ ಓರೆ ಮಾಡಬಾರದು ಅನ್ನಿಸ್ತು. ಎರಡು ದಿನ ಅವನನ್ನ ಹೊತ್ತು ತಿರುಗಬಾರದು ಅನ್ನಿಸ್ತು. ಅವನನ್ನ, ಕಣ್ರೇ. ಬಟ್ಟೆಯನ್ನಲ್ಲ. ಅವರು ಕೇಳಿದಾಗ ನಿಮ್ಮನ್ನ ಗೊತ್ತು ಅಂದಿದ್ದರೆ, ಹಾಗಾದರೆ ನೀವ್ಯಾಕೆ ಹೀಗಿದ್ದೀರಿ ಅಂತ ಕೇಳ್ತಿದ್ದರು. ಅದಕ್ಕೆ ಏನು ಹೇಳಲಿ?"

ಮೆಂಗ್ಸಿ ತನ್ನ ಬಿಳಿ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳು ವಿಧವೆಯಾಗಿ ಬಹಳ ಕಾಲವಾಗಿತ್ತು.

"ಹಾಗಂತ ಹೇಳಬಾರದಿತ್ತೇನೇ ನಮಗೆ?" ಎಂದಳು. "ನಮ್ಮವರು ಹೋದ ವರ್ಷ ನಾನು ಬೀದಿಬಾಗಿಲು ತೆಗೆಯುತ್ತಲೇ ಇರಲಿಲ್ಲ. ಬ್ರೆಡ್ಡಿಗೆ ಮಗನ್ನ ಕಳಿಸ್ತಿದ್ದೆ. ಕಾಲುನೋವು ಅಂತಿದ್ದೆ. ಕಾಲಿಗೆ ಏನೂ ಆಗಿರಲಿಲ್ಲ ಕಣೇ."

"ಅಯ್ಯೋ, ಆ ಕಾಲಿಗೆ ನಾನು ಮುಲಾಮು ತಂದುಕೊಟ್ಟಿದ್ದೆ!" ಎಂದಳು ಹಿಲ್ಲೆಚೆ.

"ಬೆಕ್ಕಿಗೆ ಹಚ್ಚಿದೆ."

ಹಿಲ್ಲೆಚೆ ನಗಲಿಲ್ಲ. ಆದರೆ ಮುಖದ ಬಿಗಿ ಒಂದಿಷ್ಟು ಸಡಿಲವಾಯಿತು. ಕುರ್ಚಿಯ ಮೇಲಿದ್ದ ಕ್ರಾಪ್ಲಾಪನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಗುಂಡುಸೂಜಿಯನ್ನು ಹಿಂದಕ್ಕೆ ಚಾಚಿ ವೈಂಪಿಯಳಿಗೆ ಬೆನ್ನು ತಿರುಗಿಸಿದಳು.

"ಬೇಗ. ನನಗೆ ನಿನ್ನ ಮೇಲಿನ ಸಿಟ್ಟು ಇಳಿದಿದೆ ಅಂದುಕೋಬೇಡ. ಆರಾಧನೆಗೆ ಹೊತ್ತಾಯ್ತು ಅಂತ ಅಷ್ಟೆ."

ವೈಂಪಿಯ ಸೂಜಿ ತೆಗೆದುಕೊಂಡಳು. ಅದು ಗಂಜಿಬಟ್ಟೆಯೊಳಗೆ ಹೋಗಲೊಲ್ಲದು. ಒಮ್ಮೆ ಜಾರಿ ಅವಳ ಹೆಬ್ಬೆರಳಿಗೇ ಚುಚ್ಚಿತು. ಮತ್ತೆ ಒತ್ತಿದಳು. ಈ ಸಲ ಹೋಯಿತು, ಓರೆಯಾಗಿ. ತೆಗೆದು ಸರಿಮಾಡಬೇಕೆನ್ನುವಷ್ಟರಲ್ಲಿ ಹಿಲ್ಲೆಚೆ ಪ್ಲಾಸ್ಟಿಕ್ ಹೊದ್ದು ಮೆಟ್ಟಿಲಿಗೆ ನಡೆದಾಗಿತ್ತು.

"ನಾನೂ ಬರ್ತೀನಿ," ಎಂದಳು ವೈಂಪಿಯ.

"ಹೀಗೇನಾ?" ಎಂದಳು ಹಿಲ್ಲೆಚೆ.

"ಬೇರೆ ಏನಿದೆ?"

ಚರ್ಚು ಚಿಕ್ಕದು, ಒಂದು ಅಡ್ಡಕಾಲುವೆಯ ಕೊನೆಯಲ್ಲಿತ್ತು. ಬಾಗಿಲಲ್ಲಿ ಕಪ್ಪು ಸೂಟಿನ ಒಬ್ಬ ಹಿರಿಯ ನಿಂತಿದ್ದ. ಒಳಗೆ ಹೋಗುತ್ತಿದ್ದ ಹೆಂಗಸರೆಲ್ಲ ಟೋಪಿ ಧರಿಸಿದವರು, ಲಂಗದವರು. ಹಿಲ್ಲೆಚೆ ಮೆಂಗ್ಸಿಯರಿಗೆ ಅವನು ಸಂತೋಷದಿಂದ ಕೈ ಕೊಟ್ಟ. ಅವರ ಹಿಂದಿದ್ದವಳ ಮೇಲೆ ಅವನ ಕಣ್ಣು ನಿಂತಿತು. ನೆನೆದ ಬರಿತಲೆ, ನೀಲಿ ಕೋಟು, ಪ್ಯಾಂಟು. ಅವನು ಕೆಟ್ಟ ಮನುಷ್ಯನಲ್ಲ. ದನಿ ತಗ್ಗಿಸಿ ಹಿಲ್ಲೆಚೆಯನ್ನೇ ಕೇಳಿದ: "ಇವರು... ನಿಮ್ಮ ಜೊತೆಯವರಾ? ನಿಮಗೆ ಗೊತ್ತಾ?"

ವೈಂಪಿಯ ನೆಲ ನೋಡಿದಳು. ಹೊಸ್ತಿಲ ಕಲ್ಲಿನ ಮೇಲೆ ತನ್ನ ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಲ್ಲೆಚೆ ಏನಂದರೂ ಅದು ನ್ಯಾಯವೇ ಎಂದು ಕಾದಳು.

"ಗೊತ್ತಿಲ್ಲದೆ ಏನು?" ಎಂದಳು ಹಿಲ್ಲೆಚೆ, ಒಳಗಿನ ಸಾಲುಗಳಿಗೂ ಕೇಳುವ ಹಾಗೆ. "ನಮ್ಮ ವೈಂಪಿಯ. ಹರ್ಮನ್‌ನ ಹೆಂಡತಿ. ಹೋದ ವರ್ಷ ಅವನು ತೀರಿಕೊಂಡ. ಇವಳು ನಮ್ಮವಳು."

ಹಿರಿಯ ತಲೆ ಓರೆ ಮಾಡಿ, ದನಿ ಇಳಿಸಿ, ಎರಡೂ ಕೈಯಲ್ಲಿ ವೈಂಪಿಯಳ ಕೈ ಹಿಡಿದುಕೊಂಡ. ಊರಿನವರು ಮಾಡುವ ಹಾಗೆಯೇ. ತಾನು ಓಡಿಬಂದದ್ದು ಇದರಿಂದಲೇ. ಈಗ ಅದನ್ನು ಕೊಟ್ಟರೆ ತಕ್ಕೊಳ್ಳಲು ತನಗೆ ಯೋಗ್ಯತೆಯಿಲ್ಲ ಅನ್ನಿಸಿತು.

ಒಳಗೆ ನಡೆಯುವಾಗ ಸಾಲುಸಾಲೂ ತಿರುಗಿ ನೋಡಿತು. ಹಿಲ್ಲೆಚೆ ಪ್ಲಾಸ್ಟಿಕ್ಕನ್ನು ಬಾಗಿಲಲ್ಲಿ ತೆಗೆದಿಟ್ಟಿದ್ದಳು. ಅವಳ ಬೆನ್ನಿನ ಮೇಲೆ ಸೂಜಿ ವಾಲಿದ ಗೋಪುರದ ಹಾಗೆ ಓರೆಯಾಗಿ ನಿಂತಿತ್ತು. ಹರ್ಮನ್ ಚುಚ್ಚಿದ್ದೇ ಇರಬೇಕು ಎಂಬಂತೆ. ವೈಂಪಿಯ ಸರಿಪಡಿಸಲು ಕೈ ಎತ್ತಿದಳು.

ಹಿಲ್ಲೆಚೆ ತಿರುಗದೆಯೇ ಪಿಸುಗುಟ್ಟಿದಳು: "ಬಿಡೇ. ನನ್ನ ಬೆನ್ನು ಯಾವನು ನೋಡ್ತಾನೆ? ಇಡೀ ಸಭೆ ನಿನ್ನ ಪ್ಯಾಂಟು ನೋಡ್ತಾ ಇದೆ."

ಮೂವರೂ ಒಂದೇ ಸಾಲಿನಲ್ಲಿ ಕುಳಿತರು, ವೈಂಪಿಯ ನಡುವೆ. ಹಾಡಾಯಿತು. ಉಪದೇಶ ಶುರುವಾಗುವಾಗ ವಾಡಿಕೆಯಂತೆ ಎಲ್ಲ ಸಾಲುಗಳಲ್ಲೂ ಪೆಪ್ಪರ್‌ಮಿಂಟಿನ ಕಾಗದದ ಸದ್ದು ಕೇಳಿಸಿತು. ಹಿಲ್ಲೆಚೆಯ ಕೈ ಪಕ್ಕದಿಂದ ಬಂದು, ಒಂದು ಬಿಳಿ ಪೆಪ್ಪರ್‌ಮಿಂಟನ್ನು ವೈಂಪಿಯಳ ಅಂಗೈಯಲ್ಲಿಟ್ಟು ಹೋಯಿತು. ಇನ್ನೊಂದು ಅವಳನ್ನು ದಾಟಿ ಮೆಂಗ್ಸಿಗೆ ಹೋಯಿತು.

ಮೆಂಗ್ಸಿ ಅವಳ ಕಿವಿಯ ಕಡೆ ಬಾಗಿದಳು.

"ಮಂಗಳವಾರ ಬೆಳಿಗ್ಗೆ ಸೂಜಿ ಚುಚ್ಚೋದಕ್ಕೆ ಹಿತ್ತಲ ಕಡೆಯಿಂದ ಬರಲೋ, ಬೇಡವೋ?"

ಕ್ರಾಪ್ಲಾಪ್ ಇನ್ನೂ ಎಲ್ಸ್ಕೆಯ ಮಂಚದ ಮೇಲಿತ್ತು. ಬಿಚ್ಚುವುದಿಲ್ಲ ಎಂದವಳು ಬಿಚ್ಚಿದ್ದಳು. ಮತ್ತೆ ಉಟ್ಟರೆ ಅದು ಮೊದಲಿನದಾಗುವುದಿಲ್ಲ. ಊರಿಗೆ ಗೊತ್ತಿರುವುದಿಲ್ಲ, ಉಟ್ಟವಳಿಗೆ ಗೊತ್ತಿರುತ್ತದೆ. ಇಂದಿನಿಂದ ಅದರ ಕಪ್ಪು ಹರ್ಮನ್‌ಗಾಗಿ ಮಾತ್ರವಲ್ಲ.

"ಬಾ," ಎಂದಳು ವೈಂಪಿಯ. "ಬೀದಿಬಾಗಿಲಿಂದಲೇ ಬಾ."

ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಳ್ಳಲು ಮನಸ್ಸು ಬರಲಿಲ್ಲ. ಉಪದೇಶ ಮುಗಿಯುವವರೆಗೂ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು. ಎದ್ದು ಪ್ರಾರ್ಥನೆಗೆ ಕೈ ಜೋಡಿಸುವ ಹೊತ್ತಿಗೆ ಅದು ಕರಗಿ ಅಂಗೈಗೆ ಅಂಟಿತ್ತು.